ಬಿಟ್ಟಿ ಸಿಕ್ಕ ಮೀನಿಗೆ ಎಷ್ಟು ನೀರು ಬೇಕು?

ಮಕ್ಕಳ ಹುಟ್ಟುಹಬ್ಬಕ್ಕೆ ರಿಟರ್ನ್ ಗಿಫ್ಟ್ ಅಂತ ಜೀವಂತ ಮೀನು ಹಂಚುವ ಅಪ್ಪ ಅಮ್ಮಂದಿರಲ್ಲಿ ಒಂದು ವಿನಂತಿ. ದಯವಿಟ್ಟು ಪೆನ್ಸಿಲ್ ಬಾಕ್ಸ್ ಕೊಡಿ. ಸ್ಟೀಲ್ ಡಬ್ಬಿ ಕೊಡಿ. ಏನೂ ಕೊಡದಿದ್ದರೂ ನಾವು ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮ ಮನೆಗೆ ಗೋಲ್ಡ್ ಫಿಶ್ ಬಂದಿದ್ದು ಹಾಗೆಯೇ. ಒಂದು ಜೊತೆ ಮಗಳ ಗೆಳತಿಯ ಬರ್ತ್‌ಡೇ ಪಾರ್ಟಿಯಿಂದ, ರಬ್ಬರ್ ಬ್ಯಾಂಡ್ ಸುತ್ತಿದ ಪ್ಲಾಸ್ಟಿಕ್ ಕವರಿನಲ್ಲಿ. ಇನ್ನೊಂದು ಮೇಲಿನ ಮನೆಯವರಿಂದ. ಅವರು ಮನೆ ಖಾಲಿ ಮಾಡಿ ಪುಣೆಗೆ ಹೊರಟ ದಿನ ತುಳಸಿ ಕುಂಡ, ಅರ್ಧ ಜಾಡಿ ಉಪ್ಪಿನಕಾಯಿ, ಬೌಲ್‌ನಲ್ಲಿ ಒಂದು ಕಪ್ಪು ಮೀನು, ಮೂರನ್ನೂ ತಂದು ನಮ್ಮ ಬಾಗಿಲಲ್ಲಿ ಇಟ್ಟರು. "ಅಕ್ಕಾ, ನಿಮ್ಮಲ್ಲಿ ಹೇಗೂ ಎರಡು ಇವೆಯಲ್ಲ, ಇದೂ ಇರಲಿ." ಉಪ್ಪಿನಕಾಯಿ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು.

ಬೌಲ್ ಸಾಕಾಗುವುದಿಲ್ಲ ಅಂತ ಗೊತ್ತಾಗಲು ನನಗೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಆದರೆ ಅದನ್ನು ಬೇರೆಯವರಿಗೆ ಒಪ್ಪಿಸುವುದಿದೆಯಲ್ಲ, ಅದು ಕಷ್ಟ. ಅಂಗಡಿಯ ಹುಡುಗನಿಂದ ಹಿಡಿದು ನಮ್ಮತ್ತೆಯವರೆಗೆ ಎಲ್ಲರದ್ದೂ ಒಂದೇ ಮಾತು. "ಗೋಲ್ಡ್ ಫಿಶ್ ತುಂಬಾ ಗಟ್ಟಿ. ಬೌಲ್‌ನಲ್ಲೇ ಬದುಕುತ್ತೆ."

ಹೌದು, ಗಟ್ಟಿ. ಆ ಗಟ್ಟಿತನವೇ ಈ ಮೀನಿನ ಗ್ರಹಚಾರ.

ಗೋಲ್ಡ್ ಫಿಶ್ ಅಂದರೆ ಗೆಂಡೆಯ ಜಾತಿ. ನಾವು ಸಾರು ಮಾಡುವ ರೋಹು, ಕಾಟ್ಲಾ ಎಲ್ಲ ಇದರ ನೆಂಟರೇ. ಸಾವಿರ ವರ್ಷಕ್ಕೂ ಹಿಂದೆ ಚೀನಾದಲ್ಲಿ ಕೊಳದಲ್ಲಿ ಸಾಕುತ್ತಿದ್ದ ಬೂದುಬಣ್ಣದ ಮೀನುಗಳಲ್ಲಿ ಆಗೊಮ್ಮೆ ಈಗೊಮ್ಮೆ ಕೇಸರಿ ಬಣ್ಣದ್ದು ಹುಟ್ಟುತ್ತಿತ್ತು. ಅವನ್ನೇ ಆರಿಸಿ ಆರಿಸಿ ಮರಿ ಮಾಡಿಸಿ ಈ ತಳಿ ಬಂತು. ಇದಕ್ಕೂ ಇದರ ದಾಯಾದಿ ಕ್ರೂಸಿಯನ್ ಕಾರ್ಪ್‌ಗೂ ಒಂದು ವಿಚಿತ್ರ ಶಕ್ತಿ ಇದೆ. ಚಳಿಗಾಲದಲ್ಲಿ ಕೆರೆ ಮೇಲೆ ಹೆಪ್ಪುಗಟ್ಟಿ ಕೆಳಗೆ ಆಮ್ಲಜನಕ ಮುಗಿದರೂ ಇವು ತಕ್ಷಣ ಸಾಯುವುದಿಲ್ಲ. ಮೈಯಲ್ಲಿ ತುಂಬಿಕೊಳ್ಳುವ ಲ್ಯಾಕ್ಟಿಕ್ ಆಮ್ಲವನ್ನು ಆಲ್ಕೋಹಾಲ್ ಮಾಡಿ ಕಿವಿರಿನಿಂದ ಹೊರಗೆ ಬಿಡುತ್ತವೆ. ಅದು ಹೇಗೆ ಸಾಧ್ಯ ಅಂತ 2017ರಲ್ಲಿ ಓಸ್ಲೊ ಮತ್ತು ಲಿವರ್‌ಪೂಲ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಿವರವಾಗಿ ತೋರಿಸಿದರು. (ನಮ್ಮ ಮನೆಯವರು ಇದನ್ನು ಕೇಳಿದಾಗಿನಿಂದ ಮೀನನ್ನು ಸ್ವಲ್ಪ ಗೌರವದಿಂದ ನೋಡುತ್ತಿದ್ದಾರೆ.)

ಇಂಥ ಪ್ರಾಣಿಯನ್ನು ಮೂರು ಲೀಟರ್ ನೀರಲ್ಲಿ ಹಾಕಿದರೆ ಅದು ಎರಡು ದಿನದಲ್ಲಿ ಸಾಯುವುದಿಲ್ಲ. ಎರಡು ಮೂರು ತಿಂಗಳು ಒದ್ದಾಡುತ್ತದೆ. ನಾವು ಅದನ್ನು "ಈಜುತ್ತಿದೆ" ಅಂದುಕೊಳ್ಳುತ್ತೇವೆ. ಮೇಲೆ ಬಂದು ಬಾಯಿ ತೆರೆದು ಮುಚ್ಚಿದರೆ "ಹಸಿವು ಪಾಪ" ಅಂತ ಇನ್ನೊಂದು ಚಿಟಿಕೆ ಆಹಾರ ಹಾಕುತ್ತೇವೆ. ಅದು ಹಸಿವಾಗಿರದೆ ಉಸಿರು ಸಾಲದೆಯೂ ಇರಬಹುದು. ಬೇರೆ ಸೂಕ್ಷ್ಮ ಮೀನಾಗಿದ್ದರೆ ಮಾರನೆಯ ದಿನವೇ ತೇಲಿ ನಮಗೆ ಬುದ್ಧಿ ಹೇಳುತ್ತಿತ್ತು. ಇದು ಸಹಿಸಿಕೊಂಡು ಇರುವುದರಿಂದ ಯಾರೂ ಏನೂ ಕಲಿಯುವುದಿಲ್ಲ.

ಶೃಂಗೇರಿಗೆ ಹೋದವರೆಲ್ಲ ತುಂಗೆಯ ಮೀನಿಗೆ ಪುರಿ ಹಾಕಿರುತ್ತೀರಿ. ಅಷ್ಟೊಂದು ಮೀನು, ಅಷ್ಟೊಂದು ಪುರಿ, ಆದರೂ ನದಿ ನಡೆಯುತ್ತದೆ. ಯಾಕೆಂದರೆ ಮೀನಿನ ಗಲೀಜನ್ನು ತುಂಗೆ ಹೊತ್ತುಕೊಂಡು ಮುಂದೆ ಹೋಗುತ್ತಾಳೆ. ಬೌಲ್‌ನಲ್ಲಿ ಅದು ಎಲ್ಲಿಗೆ ಹೋಗಬೇಕು? ಮೀನು ಕಿವಿರಿನಿಂದಲೇ ಅಮೋನಿಯಾ ಬಿಡುತ್ತದೆ. ಹಿಕ್ಕೆ, ಉಳಿದ ಆಹಾರ ಕೊಳೆತರೂ ಅಮೋನಿಯಾ. ಗೋಲ್ಡ್ ಫಿಶ್‌ಗೆ ಹೊಟ್ಟೆಯ ಚೀಲವೇ ಇಲ್ಲ, ತಿಂದದ್ದು ನೇರ ಕರುಳಿಗೆ. ಹಾಗಾಗಿ ಹೊತ್ತಿಲ್ಲದೆ ತಿನ್ನುತ್ತದೆ, ಅಷ್ಟೇ ಧಾರಾಳವಾಗಿ ಹೊರಗೂ ಹಾಕುತ್ತದೆ. ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ. ಅಮೋನಿಯಾಕ್ಕೆ ಬಣ್ಣ ಇಲ್ಲ. ಕಿವಿರು ಸುಡುವುದು ಮೀನಿಗೆ ಮಾತ್ರ ಗೊತ್ತು.

ಇದಕ್ಕೆ ಪರಿಹಾರ ಔಷಧಿ ಅಲ್ಲ, ಬ್ಯಾಕ್ಟೀರಿಯಾ. ಫಿಲ್ಟರಿನ ಸ್ಪಾಂಜಿನಲ್ಲಿ, ಕಲ್ಲುಗಳ ಮೇಲೆ ನಿಧಾನವಾಗಿ ಒಂದು ಬಗೆಯ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಅವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಅಪಾಯ ಅಲ್ಲ, ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಿಸಿದರೆ ಹೋಗುತ್ತದೆ. ಈ ಇಡೀ ಏರ್ಪಾಡು ಹೊಸ ಟ್ಯಾಂಕ್‌ನಲ್ಲಿ ನಿಲ್ಲಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಮೀನು ತರುವ ಮೊದಲೇ ಟ್ಯಾಂಕ್ ಹೀಗೆ ಹದವಾಗಿರಬೇಕು ಅನ್ನುವುದು ನಿಯಮ. ಆದರೆ ನಮ್ಮದು ಬಿಟ್ಟಿ ಮೀನು. ಅದು ನಿಯಮ ಓದಿಕೊಂಡು ಬರುವುದಿಲ್ಲ.

ಇಲ್ಲೇ ನಮ್ಮ ಜನರ ಸ್ವಚ್ಛತೆಯ ಹುಚ್ಚು ಅಡ್ಡ ಬರುವುದು. ಹಬ್ಬ ಬಂತು ಅಂದರೆ ಮನೆಯೆಲ್ಲ ತೊಳೆದು ಬಳಿದು ಮಾಡುವ ಕೈ ಸುಮ್ನೆ ಇರುತ್ತದಾ? ಮೀನನ್ನು ಮಗ್ಗಿಗೆ ಹಾಕಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಲ್ಲನ್ನು ಬಿಸಿನೀರಲ್ಲಿ ಉಜ್ಜಿ, ಸ್ಪಾಂಜನ್ನು ನಲ್ಲಿ ಕೆಳಗೆ ಹಿಂಡಿ, ಹೊಸ ನೀರು ತುಂಬಿಸಿ "ನೋಡು ಎಷ್ಟು ಫಳಫಳ" ಅನ್ನುತ್ತೇವೆ. ಆ ಫಳಫಳದಲ್ಲಿ ಇದ್ದಬದ್ದ ಬ್ಯಾಕ್ಟೀರಿಯಾ ಎಲ್ಲ ಹೋಯಿತು. ಮೂರು ದಿನ ಬಿಟ್ಟು ಮೀನು ಸತ್ತರೆ "ಎಷ್ಟು ಕ್ಲೀನ್ ಇಟ್ಟಿದ್ವಿ, ಆದರೂ ಹೋಯ್ತು." ಕ್ಲೀನ್ ಇಟ್ಟಿದ್ದಕ್ಕೇ ಹೋಗಿದ್ದು. ವಾರಕ್ಕೆ ಕಾಲು ಭಾಗ ನೀರು ಪೈಪಿನಲ್ಲಿ ತೆಗೆದು, ಅಷ್ಟೇ ಹೊಸ ನೀರು ಹಾಕಿ. ಸ್ಪಾಂಜ್ ಕಟ್ಟಿಕೊಂಡಿದ್ದರೆ ಟ್ಯಾಂಕ್‌ನಿಂದ ತೆಗೆದ ಅದೇ ನೀರಲ್ಲಿ ಎರಡು ಸಲ ಹಿಂಡಿ. ಮುಗೀತು. ತೆಗೆದ ನೀರನ್ನು ಗಿಡಕ್ಕೆ ಹಾಕಿ. ನಮ್ಮ ಕರಿಬೇವು ಈಗಿನಷ್ಟು ಚಿಗುರಿದ್ದು ನಾನು ನೋಡಿರಲಿಲ್ಲ.

ನೀರಿನ ವಿಷಯದಲ್ಲೂ ತಿರುಗು ಮುರುಗು ತಿಳಿವಳಿಕೆ. "ನಾವು ಮೀನಿಗೂ ಆರ್‌ಒ ನೀರೇ ಹಾಕೋದು" ಅಂತ ಒಬ್ಬರು ಹೆಮ್ಮೆಯಿಂದ ಹೇಳಿದರು. ಬೇಡ. ಆರ್‌ಒ ನೀರಲ್ಲಿ ಖನಿಜಗಳು ಹೊರಟುಹೋಗಿರುತ್ತವೆ, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಒಂದೇ ಕಡೆ ನಿಲ್ಲುವುದಿಲ್ಲ, ಒಂದು ದಿನ ಧಡ್ ಅಂತ ಕೆಳಗೆ ಬೀಳಬಹುದು. ನಾವು ಬೈದುಕೊಳ್ಳುವ ಬೋರ್‌ವೆಲ್ಲಿನ ಗಡಸು ನೀರು ಗೋಲ್ಡ್ ಫಿಶ್‌ಗೆ ಚೆನ್ನಾಗಿಯೇ ಹಿಡಿಸುತ್ತದೆ. ಕಾವೇರಿ ನೀರಾದರೆ ಕ್ಲೋರಿನ್ ಕಡೆ ಗಮನ ಇರಲಿ. ಬಕೆಟ್‌ನಲ್ಲಿ ಹಿಡಿದು ಒಂದು ಇಡೀ ದಿನ ಬಾಯಿ ತೆರೆದು ಇಡಿ, ಏರ್ ಪಂಪ್ ಬಿಟ್ಟರೆ ಇನ್ನೂ ಒಳ್ಳೆಯದು. ಇಲ್ಲವೇ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಡ್ರಾಪ್ಸ್ ಹಾಕಿ. ಸಂಪ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ವಾರವಂತೂ ಎಚ್ಚರ. ಅಪಾರ್ಟ್‌ಮೆಂಟ್‌ನವರು ವಾಟ್ಸಾಪ್ ಗ್ರೂಪಿನಲ್ಲಿ ಸಂಪ್ ಕ್ಲೀನಿಂಗ್ ಮೆಸೇಜ್ ಬಂದರೆ ಮೊದಲು ಎರಡು ಬಕೆಟ್ ಹಿಡಿದಿಟ್ಟುಕೊಳ್ಳಿ.

ಈಗ ಅಳತೆ. ಇದನ್ನು ಹೇಳಿದರೆ ಜನ ನಗುತ್ತಾರೆ, ಆದರೂ ಹೇಳುತ್ತೇನೆ. ಗುಂಡು ಹೊಟ್ಟೆಯ, ಎರಡು ಬಾಲದ ಫ್ಯಾನ್ಸಿ ಗೋಲ್ಡ್ ಫಿಶ್ ಇದೆಯಲ್ಲ, ಒರಾಂಡಾ, ಬ್ಲಾಕ್ ಮೂರ್ ಅಂತೆಲ್ಲ, ಅದರಲ್ಲಿ ಒಂದಕ್ಕೆ ಕನಿಷ್ಠ 75 ಲೀಟರ್ ನೀರು ಬೇಕು. ಆಮೇಲೆ ಪ್ರತಿ ಮೀನಿಗೂ ಇನ್ನೊಂದು 40 ಲೀಟರ್. ಉದ್ದ ದೇಹದ, ಒಂದೇ ಬಾಲದ ಕಾಮೆಟ್ ಆದರೆ ಅದು ಒಂದು ಅಡಿವರೆಗೂ ಬೆಳೆಯಬಲ್ಲದು, ಅದಕ್ಕೆ ನಿಜವಾಗಿ ಬೇಕಿರುವುದು ಕೊಳ. ಒಂದು ಘನ ಅಡಿಗೆ ಸುಮಾರು 28 ಲೀಟರ್ ಅಂತ ಲೆಕ್ಕ ಇಟ್ಟುಕೊಳ್ಳಿ. ಅಂಗಡಿಯಲ್ಲಿ "ದೊಡ್ಡದು ಮೇಡಂ" ಅಂತ ತೋರಿಸುವ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್ ಕಂಠಮಟ್ಟ ತುಂಬಿದರೂ 56 ಲೀಟರ್ ಅಷ್ಟೇ. ಒಂದು ಮೀನಿಗೂ ಸಾಲದು.

ನಮ್ಮ ಮೂರಕ್ಕೆ ಕೊನೆಗೆ ಮೂರು ಅಡಿಯದು ಮಾಡಿಸಿದೆವು, ಅಗಲ ಎತ್ತರ ಒಂದೂವರೆ ಅಡಿ. ಸುಮಾರು 190 ಲೀಟರ್. ಗಾಜು, ಕಲ್ಲು ಸೇರಿ 200 ಕಿಲೋಗಿಂತ ಜಾಸ್ತಿ ತೂಕ. ಟಿವಿ ಶೋಕೇಸ್ ಮೇಲೆ ಇಡುವ ಯೋಚನೆ ಇದ್ದರೆ ಈಗಲೇ ಬಿಡಿ. ಕಬ್ಬಿಣದ ಸ್ಟ್ಯಾಂಡ್, ಗೋಡೆ ಪಕ್ಕ, ಕೆಳಗೆ ಥರ್ಮೋಕೋಲ್ ಶೀಟ್. ಮೀನು ಬಿಟ್ಟಿ, ಟ್ಯಾಂಕ್ ಬಿಟ್ಟಿ ಅಲ್ಲ. ಫಿಲ್ಟರ್, ಸ್ಟ್ಯಾಂಡ್, ಟೆಸ್ಟ್ ಕಿಟ್ ಎಲ್ಲ ಸೇರಿದ ಬಿಲ್ ನೋಡಿ ಮನೆಯವರು "ಆ ಹುಟ್ಟುಹಬ್ಬಕ್ಕೆ ನಾವು ಕೊಟ್ಟ ಗಿಫ್ಟ್ ಎಷ್ಟರದ್ದು?" ಅಂತ ಕೇಳಿದರು. ಮುನ್ನೂರರ ಬಣ್ಣದ ಪೆನ್ ಸೆಟ್.

"ಟ್ಯಾಂಕ್ ಎಷ್ಟು ದೊಡ್ಡದೋ ಮೀನು ಅಷ್ಟೇ ಬೆಳೆಯುತ್ತೆ, ಚಿಕ್ಕದು ಸಾಕು" ಅನ್ನುವವರು ಸಿಗುತ್ತಾರೆ. ಬೆಳೆಯುವುದಿಲ್ಲ ನಿಜ. ಕೆಟ್ಟ ನೀರಲ್ಲಿ ಬೆಳವಣಿಗೆ ಕುಂಠಿತವಾಗಿ, ಬೇಗ ಸಾಯುತ್ತದೆ. ಅದು ಹೊಂದಾಣಿಕೆ ಅಲ್ಲ, ಕಾಯಿಲೆ. ಸರಿಯಾಗಿ ಸಾಕಿದ ಗೋಲ್ಡ್ ಫಿಶ್ ಹತ್ತು ಹದಿನೈದು ವರ್ಷ ಬದುಕುತ್ತದೆ. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯ ಆಟದಲ್ಲಿ ಬಹುಮಾನವಾಗಿ ಬಂದ ಟಿಶ್ ಅನ್ನುವ ಗೋಲ್ಡ್ ಫಿಶ್ ಸತ್ತಿದ್ದು 1999ರಲ್ಲಿ. 43 ವರ್ಷ. ಅದೂ ಬಿಟ್ಟಿ ಮೀನೇ. ಅಂದರೆ ಒಂದನೇ ಕ್ಲಾಸಿನ ಮಗುವಿನ ಕೈಗೆ ನೀವು ಕೊಟ್ಟ ರಿಟರ್ನ್ ಗಿಫ್ಟ್, ಆ ಮಗು ಇಂಜಿನಿಯರಿಂಗ್ ಮುಗಿಸುವವರೆಗೂ ಬದುಕಿರಬಹುದು. ಇಟಲಿಯ ಮೊಂಜಾ ನಗರ 2004ರಲ್ಲಿ, ರೋಮ್ 2005ರಲ್ಲಿ ಗೋಲ್ಡ್ ಫಿಶ್‌ಗಳನ್ನು ದುಂಡು ಬೌಲ್‌ನಲ್ಲಿ ಇಡುವುದನ್ನೇ ನಿಷೇಧಿಸಿದವು. ನಮ್ಮಲ್ಲಿ ಅಷ್ಟೆಲ್ಲ ಆಗುವ ನಿರೀಕ್ಷೆ ನನಗಿಲ್ಲ. ಕೊಡುವವರು ಒಂದು ಸಲ ಯೋಚಿಸಿದರೆ ಸಾಕು.

ಸರಿ, ಇವತ್ತು ಸಂಜೆ ನಿಮ್ಮ ಮನೆಗೂ ಕವರ್ ಬಂತು ಅಂದುಕೊಳ್ಳಿ. ಅಂಗಡಿ ಮುಚ್ಚಿದೆ. ಬೌಲ್ ಹುಡುಕಬೇಡಿ. ಮನೆಯಲ್ಲಿರುವ ಅತಿ ದೊಡ್ಡ ಪ್ಲಾಸ್ಟಿಕ್ ಟಬ್ ತೆಗೆಯಿರಿ, ಬಟ್ಟೆ ನೆನೆಸುವ ಟಬ್ ಆದರೂ ಪರವಾಗಿಲ್ಲ, ಸೋಪಿನ ಅಂಶ ಇರಬಾರದು ಅಷ್ಟೇ. ಕ್ಲೋರಿನ್ ವಾಸನೆ ಇಲ್ಲದ ನೀರು ತುಂಬಿಸಿ. ಕವರನ್ನು ಹಾಗೇ ಕಾಲು ಗಂಟೆ ತೇಲಿಬಿಡಿ, ಆಮೇಲೆ ಮೀನನ್ನು ಮಾತ್ರ ಬಿಡಿ. ಮೇಲೆ ಜಾಳಿಗೆ ಮುಚ್ಚಿ, ಇವು ಹಾರುತ್ತವೆ. ಅವತ್ತು ಏನೂ ತಿನ್ನಿಸಬೇಡಿ. ಬೆಳಿಗ್ಗೆ ಏರ್ ಪಂಪ್, ಸ್ಪಾಂಜ್ ಫಿಲ್ಟರ್ ತನ್ನಿ. ಟ್ಯಾಂಕ್ ಹದವಾಗುವವರೆಗೆ ಒಂದು ದಿನ ಬಿಟ್ಟು ಒಂದು ದಿನ ಮೂರನೇ ಒಂದು ಭಾಗ ನೀರು ಬದಲಿಸಿ, ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಸೊನ್ನೆ ಆಗುವವರೆಗೂ. ಪರಿಚಯದವರ ಮನೆಯಲ್ಲಿ ಹಳೆಯ, ಆರೋಗ್ಯವಾಗಿರುವ ಟ್ಯಾಂಕ್ ಇದ್ದರೆ ಅವರ ಗಲೀಜು ಸ್ಪಾಂಜಿನ ಒಂದು ತುಂಡು ಕೇಳಿ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ವಾರಗಟ್ಟಲೆ ಕಾಯುವುದು ಉಳಿಯುತ್ತದೆ. ಅಂಗಡಿಯವರು ಕೊಡುವ ನೀಲಿ ಔಷಧಿ ಸುಮ್ನೆ ಸುರಿಯಬೇಡಿ, ಅದು ಬ್ಯಾಕ್ಟೀರಿಯಾವನ್ನೂ ಕೊಲ್ಲಬಹುದು. ಹೀಟರ್ ಬೇಡ, ಇದು ತಂಪು ನೀರಿನ ಮೀನು. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಆಹಾರದ ಡಬ್ಬಿ ಕೊಡಬೇಡಿ. ದೊಡ್ಡ ಮೀನು ಒಂದು ವಾರ ಉಪವಾಸ ಇರಬಲ್ಲದು. ಪ್ರೀತಿಯಿಂದ ಅರ್ಧ ಡಬ್ಬಿ ಸುರಿಯುವ ನೆರೆಯವರಿಂದಲೇ ಅಪಾಯ.

ವಾಸ್ತು ವಿಷಯ ಮುಟ್ಟದೆ ಇದ್ದರೆ ನಮ್ಮತ್ತೆ ಬಿಡುವುದಿಲ್ಲ. ಎಂಟು ಕೇಸರಿ ಮೀನು, ಒಂದು ಕಪ್ಪು, ಒಟ್ಟು ಒಂಬತ್ತು ಇರಬೇಕಂತೆ. ಕಪ್ಪು ಮೀನು ಸತ್ತರೆ ಮನೆಗೆ ಬರಬೇಕಿದ್ದ ಕಂಟಕ ಅದರ ಮೇಲೆ ಹೋಯಿತು ಅಂತ ಲೆಕ್ಕ. ನಂಬಿಕೆ ಅವರವರದ್ದು, ನಾನು ಜಗಳಕ್ಕೆ ಬರುವುದಿಲ್ಲ. ಆದರೆ ಒಂಬತ್ತು ಗೋಲ್ಡ್ ಫಿಶ್‌ಗೆ ಮೇಲಿನ ಲೆಕ್ಕದಲ್ಲಿ 395 ಲೀಟರ್ ಆಗುತ್ತದೆ. ಎರಡು ಅಡಿ ಟ್ಯಾಂಕ್‌ನಲ್ಲಿ ಒಂಬತ್ತು ಹಾಕಿ, ಸಾಯುತ್ತಾ ಬಂದಂತೆ "ದೃಷ್ಟಿ ಹೋಯ್ತು" ಅಂದುಕೊಂಡು ಹೊಸದು ತರುವುದಿದೆಯಲ್ಲ, ಅದಕ್ಕೆ ನನ್ನ ತಕರಾರು. ಅವು ತೆಗೆದುಕೊಂಡಿದ್ದು ನಿಮ್ಮ ದೃಷ್ಟಿಯನ್ನಲ್ಲ, ಅಮೋನಿಯಾವನ್ನು. ಇದನ್ನು ಅತ್ತೆಗೆ ಹೇಳಿದೆ. "ಹಾಗಾದ್ರೆ ದೊಡ್ಡ ಟ್ಯಾಂಕೇ ತರಿಸಮ್ಮ, ಒಂಬತ್ತು ಇಡೋಣ" ಅಂದರು.

ಇನ್ನು ಸಾಕಲು ಆಗಲಿಲ್ಲ ಅಂತ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಡುವವರು. ಪುಣ್ಯದ ಕೆಲಸ ಅಂದುಕೊಂಡೇ ಬಿಡುತ್ತಾರೆ. ಗೋಲ್ಡ್ ಫಿಶ್ ನಮ್ಮ ಕೆರೆಯ ಮೀನಲ್ಲ. ತಳ ಕೆದಕಿ ನೀರು ಬಗ್ಗಡ ಮಾಡುತ್ತದೆ, ಗಿಡ, ಮೊಟ್ಟೆ ಎಲ್ಲ ತಿನ್ನುತ್ತದೆ, ಜೊತೆಗೆ ತಂದ ರೋಗವನ್ನೂ ಹಂಚುತ್ತದೆ. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಹೀಗೆ ಬಿಟ್ಟ ಮೀನುಗಳು ಕೆರೆ, ಹೊಳೆಗಳಲ್ಲಿ ದೊಡ್ಡ ತಲೆನೋವಾಗಿವೆ. ನಿಮ್ಮಿಂದ ಆಗದಿದ್ದರೆ ಅಂಗಡಿಗೇ ವಾಪಸ್ ಕೊಡಿ, ಎಷ್ಟೋ ಅಂಗಡಿಯವರು ತೆಗೆದುಕೊಳ್ಳುತ್ತಾರೆ. ಇಲ್ಲವೇ ದೊಡ್ಡ ಟ್ಯಾಂಕ್ ಇರುವವರನ್ನು ಹುಡುಕಿ.

ಮರೆವಿನ ಮಾತಂತೂ ಶುದ್ಧ ಸುಳ್ಳು. ಮೂರು ಸೆಕೆಂಡ್ ನೆನಪು, ಹಾಗಾಗಿ ಬೌಲ್‌ನಲ್ಲಿ ಸುತ್ತಿದರೂ ಬೇಜಾರಾಗಲ್ಲ ಅನ್ನುತ್ತಾರೆ. ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದವರು ಚಕ್ರ ಇರುವ ಗಾಡಿಯ ಮೇಲೆ ಟ್ಯಾಂಕ್ ಇಟ್ಟು, ಮೀನು ಯಾವ ಕಡೆ ಈಜುತ್ತದೋ ಗಾಡಿ ಆ ಕಡೆ ಚಲಿಸುವಂತೆ ಮಾಡಿ, ಗೋಲ್ಡ್ ಫಿಶ್‌ಗೆ ಡ್ರೈವಿಂಗ್ ಕಲಿಸಿದ್ದಾರೆ. 2022ರಲ್ಲಿ ಸುದ್ದಿಯಾಯಿತು. ಸಿಲ್ಕ್ ಬೋರ್ಡ್ ಕಡೆ ಒಮ್ಮೆ ಕಳಿಸಿ ನೋಡಬೇಕು. ನಮ್ಮ ಮನೆಯವು ಆಹಾರದ ಡಬ್ಬಿ ಹಿಡಿದವರು ಯಾರು, ಸುಮ್ನೆ ಹತ್ತಿರ ಬಂದವರು ಯಾರು ಅಂತ ಸರಿಯಾಗಿ ಗುರುತಿಸುತ್ತವೆ. ಮನೆಯವರು ಬಂದರೆ ತಿರುಗಿಯೂ ನೋಡುವುದಿಲ್ಲ, ಅದಕ್ಕೆ ಅವರಿಗೆ ಸಿಟ್ಟು.

ಅಂದ ಹಾಗೆ, ಮೂರು ಅಡಿಯದು ಬರುವ ಮೊದಲು ಇಟ್ಟುಕೊಂಡಿದ್ದ ಟ್ಯಾಂಕ್ ಖಾಲಿ ಬಿದ್ದಿದೆ. ಎರಡು ಅಡಿ ಉದ್ದ, ಅಗಲ ಎತ್ತರ ಒಂದೂಕಾಲು ಅಡಿ, ಸೋರುವುದಿಲ್ಲ. 88 ಲೀಟರ್, ಒಂದು ಫ್ಯಾನ್ಸಿ ಮೀನಿಗೆ ಆರಾಮ. ಹೀಗೆ ಅಚಾನಕ್ಕಾಗಿ ಮೀನು ಸಿಕ್ಕವರು ಯಾರಾದರೂ ಬೆಂಗಳೂರಲ್ಲಿ ಇದ್ದರೆ ಇನ್‌ಬಾಕ್ಸ್ ಮಾಡಿ. ದುಡ್ಡು ಬೇಡ, ಬೇಕಾದರೆ ಒಂದು ತುಂಡು ಗಲೀಜು ಸ್ಪಾಂಜನ್ನೂ ಕೊಡುತ್ತೇನೆ. ಸ್ಟ್ಯಾಂಡ್ ಮಾತ್ರ ನೀವೇ ಮಾಡಿಸಿಕೊಳ್ಳಬೇಕು. ಎತ್ತಿಕೊಂಡು ಹೋಗಲು ಇಬ್ಬರು ಬನ್ನಿ.