ಹೆದರಿಕೆ ಮಾಯವಾಗಿಲ್ಲ

ಪ್ರೇಕ್ಷಕರು ಬುದ್ಧಿವಂತರಾಗಿರುವುದರಿಂದ ಇಂದಿನ ಹಾರರ್ ಚಿತ್ರಗಳು ಯಾರನ್ನೂ ಹೆದರಿಸುತ್ತಿಲ್ಲ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಹೇಳಿರುವ ಮಾತನ್ನು ನಾನು ಒಪ್ಪಲಾರೆ. ದೆವ್ವವನ್ನು ನಂಬದವರೂ ಕತ್ತಲಿಗೆ ಅಂಜುತ್ತಾರೆ. ಬದಲಾಗಿರುವುದು ನಾವು ಚಿತ್ರ ನೋಡುವ ರೀತಿ. ಶಬ್ದ ಮಾಡಿದವರ ಮೇಲೆ ಎರಗುವ ಜೀವಿಗಳ ಕಥೆಯುಳ್ಳ, 2018ರ 'ಎ ಕ್ವೈಟ್ ಪ್ಲೇಸ್' ಚಿತ್ರವನ್ನು ನಾನು ಮೊದಲು ನೋಡಿದ್ದು ಹಗಲಿನಲ್ಲಿ, ಮೊಬೈಲಿನಲ್ಲಿ, ನಡುನಡುವೆ ಕರೆಗಳಿಗೆ ಉತ್ತರಿಸುತ್ತ. ಆಗ ಏನೂ ಅನ್ನಿಸಲಿಲ್ಲ. ಅದೇ ಚಿತ್ರವನ್ನು ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಒಂದು ರಾತ್ರಿ, ಕರೆಂಟು ಹೋಗಿ ಇಡೀ ತೋಟ ಕತ್ತಲಾಗಿದ್ದಾಗ, ನಾಪೋಕ್ಲು ಸಮೀಪದ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿನ ಉಳಿದ ಬ್ಯಾಟರಿಯಲ್ಲಿ ಮತ್ತೆ ನೋಡಿದೆ. ಹೆಂಚಿನ ಮೇಲೆ ಎಡೆಬಿಡದೆ ಸುರಿಯುತ್ತಿದ್ದ ಮಳೆ ಇದ್ದಕ್ಕಿದ್ದಂತೆ ನಿಂತು, ಪರದೆಯ ಮೌನವೂ ಮನೆಯ ಮೌನವೂ ಒಂದಾದ ಆ ಕ್ಷಣದಲ್ಲಿ ನಾನು ಉಸಿರು ಬಿಗಿಹಿಡಿದು ಕುಳಿತಿದ್ದೆ.

ಥಟ್ಟನೆ ಕಿವಿಗಪ್ಪಳಿಸುವ ಸದ್ದನ್ನೇ ನೆಚ್ಚಿಕೊಂಡ ಚಿತ್ರಗಳ ಬಗ್ಗೆ ಲೇಖಕರ ಬೇಸರ ನ್ಯಾಯವಾದದ್ದೇ. ಅದು ಬೆಚ್ಚಿಬೀಳುವುದಷ್ಟೇ, ಪಟಾಕಿ ಸಿಡಿದರೂ ಆಗುವಂಥದ್ದು. ಆದರೆ ಅಂಥವನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಮೌನವನ್ನು ಬಲ್ಲ ನಿರ್ದೇಶಕರನ್ನೂ ಅವುಗಳ ಜೊತೆಗೆ ಸೇರಿಸಿರುವುದು ಸರಿಯಲ್ಲ. ಆ ರಾತ್ರಿ ಅಂಗಳದಾಚೆಯ ಸ್ನಾನದ ಮನೆಗೆ ಹೋಗಲು ನಾನು ಅಣ್ಣನನ್ನು ಎಬ್ಬಿಸಬೇಕಾಯಿತು.