ಸತ್ಯಾಂಶ: ರೈತರ ಸಬ್ಸಿಡಿ ಪಟ್ಟಿ ಗುಟ್ಟಲ್ಲ

‘ಯಾವ ರೈತರಿಗೆ ಸರ್ಕಾರದ ದುಡ್ಡು ಹೋಗುತ್ತಿದೆ ಅನ್ನೋದು ಗುಟ್ಟು, ಕೇಳಿದರೂ ಹೇಳಲ್ಲ’ ಎಂಬ ಮೆಸೇಜ್ ಹರಿದಾಡುತ್ತಿದೆ. ಇದು ತಪ್ಪು.

ಪಿಎಂ ಕಿಸಾನ್ ಯೋಜನೆಯನ್ನೇ ನೋಡಿ. 2019ರಲ್ಲಿ ಶುರುವಾದ ಇದರಲ್ಲಿ ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತಿನಲ್ಲಿ ಖಾತೆಗೆ ಬೀಳುತ್ತದೆ. ಯೋಜನೆಯ ಸರ್ಕಾರಿ ವೆಬ್‌ಸೈಟಿನಲ್ಲಿ ಫಲಾನುಭವಿಗಳ ಪಟ್ಟಿಗೆಂದೇ ಒಂದು ಪುಟವಿದೆ. ರಾಜ್ಯ, ಜಿಲ್ಲೆ, ತಾಲ್ಲೂಕು ಆರಿಸುತ್ತಾ ಹೋದರೆ ನಿಮ್ಮೂರಿನ ಹೆಸರುಗಳು ಸಾಲಾಗಿ ಬರುತ್ತವೆ. ಪಾಸ್‌ವರ್ಡ್ ಬೇಡ, ಓಟಿಪಿ ಬೇಡ. ಪಟ್ಟಿ ತೋರಿಸುತ್ತೇವೆಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲನ್ನು (ಮೊಬೈಲಿಗೆ ಆ್ಯಪ್ ಹಾಕುವ ಫೈಲ್) ಮಾತ್ರ ಮುಟ್ಟಲೇಬೇಡಿ. ಅದು ಖಾತೆ ಖಾಲಿ ಮಾಡುವವರ ಕೆಲಸ.

ಹಾಗಂತ ಎಲ್ಲವೂ ಬಯಲಲ್ಲ. ಆಧಾರ್ ನಂಬರ್, ಬ್ಯಾಂಕ್ ಖಾತೆ ನಂಬರ್ ಪಟ್ಟಿಯಲ್ಲಿ ಇರುವುದಿಲ್ಲ, ಇರಲೂಬಾರದು. ಪಕ್ಕದ ಮನೆಯವರ ಖಾತೆ ನಂಬರ್ ನಮಗೇಕೆ, ಅಲ್ವಾ?

ಡ್ರಿಪ್, ಟ್ರ್ಯಾಕ್ಟರ್, ಟಾರ್ಪಾಲಿನ್ ಸಬ್ಸಿಡಿಯ ಕತೆ? ಇದೇ ನನಗೆ ಮುಖ್ಯ ಅನ್ನಿಸುವುದು, ಯಾಕೆಂದರೆ ಜಗಳ ಜಾಸ್ತಿ ಇಲ್ಲೇ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಸಬ್ಸಿಡಿಗೆ ಎಷ್ಟು ಹಣ ಇಟ್ಟಿದ್ದಾರೆ, ಫಲಾನುಭವಿಗಳ ವಿವರ ಏನು ಎಂಬುದನ್ನು ಇಲಾಖೆ ಯಾರೂ ಕೇಳದೆಯೇ ಪ್ರಕಟಿಸಬೇಕು. ಎಷ್ಟೋ ಕಡೆ ಇದು ಸರಿಯಾಗಿ ಆಗುವುದಿಲ್ಲ, ನಿಜ. ಆಗ ತಾಲ್ಲೂಕಿನ ಕೃಷಿ ಇಲಾಖೆ ಕಚೇರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಿ. ಊರು, ಯೋಜನೆ, ವರ್ಷ ಸ್ಪಷ್ಟವಾಗಿ ಬರೆಯಿರಿ. 30 ದಿನದೊಳಗೆ ಉತ್ತರ ಕೊಡಬೇಕು. ಬರದಿದ್ದರೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಬಹುದು.