ಬರುವ ಲ್ಯಾಪ್‌ಟಾಪೂ ಸಾಯುವ ಲ್ಯಾಪ್‌ಟಾಪೂ

ಲ್ಯಾಪ್‌ಟಾಪಿಗೆ ಕಿವಿ ಕೇಳಿಸುತ್ತದೆ. ನಾಲ್ಕು ವರ್ಷ ಚಕಾರವೆತ್ತದೆ ದುಡಿದದ್ದು, ಕಂಪನಿಯವರು ವೇದಿಕೆ ಹತ್ತಿ ‘ಇನ್ನು ಮುಂದೆ ನಮ್ಮ ಪ್ರೊಸೆಸರಿನ ತಳಿಯೇ ಬೇರೆ’ ಎಂದು ಸಾರಿದ ವಾರವೇ ಮುನಿಸಿಕೊಳ್ಳುತ್ತದೆ. ಬ್ಯಾಟರಿ ಶೇಕಡಾ 38ರಿಂದ ನೇರ 1ಕ್ಕೆ ಧುಮುಕುತ್ತದೆ. ಕೀಲು ಸಡಿಲಾಗಿ, ಪರದೆಯನ್ನು ನಾವು ಒಂದು ಕೋನದಲ್ಲಿ ನಿಲ್ಲಿಸಿದರೆ ಅದು ತನಗೆ ಬೇಕಾದ ಕೋನಕ್ಕೆ ಹೋಗಿ ಮಲಗುತ್ತದೆ. ಒಂದು ಕೀಲಿ ಒತ್ತಿದರೆ ಎರಡಕ್ಷರ ಬೀಳುತ್ತವೆ, ಪಕ್ಕದ್ದನ್ನು ಒತ್ತಿದರೆ ಏನೂ ಇಲ್ಲ. ಹಳೇ ತಳಿಯದನ್ನೇ ಈಗ ಕೊಂಡುಬಿಡುವುದೋ, ಹೊಸ ತಳಿ ಬರುವತನಕ ಇದಕ್ಕೇ ಉಸಿರೂದುವುದೋ? ಅತ್ತ ದರಿ, ಇತ್ತ ಪುಲಿ, ನಡುವೆ ಸಿಕ್ಕು ಸಿಕ್ಕಾದ ಒಂದು ಚಾರ್ಜರ್.

ಈ ಕಾಯುವಿಕೆಯ ಮಹಾಪರ್ವ ಶುರುವಾದದ್ದು 2005ರ ಜೂನ್ 6ರಂದು. ಆಪಲ್‌ನ ಸ್ಟೀವ್ ಜಾಬ್ಸ್ ಅಂದು ಪವರ್‌ಪಿಸಿ ಎಂಬ ಪ್ರೊಸೆಸರ್ ತಳಿ ಬಿಟ್ಟು ಇಂಟೆಲ್ ಕಂಪನಿಯದನ್ನು ಹಿಡಿಯುತ್ತೇವೆ ಎಂದರು. ಅದಕ್ಕೂ ಹಿಂದೆ, ಪವರ್‌ಪಿಸಿ ತಳಿಯದೇ ಆದ ಜಿ5 ಚಿಪ್ ಇರುವ ಲ್ಯಾಪ್‌ಟಾಪ್ ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಜನ ಕಾದದ್ದು ಬೇರೆ ಲೆಕ್ಕ. ಅದು ಬರಲೇ ಇಲ್ಲ, ಬರುವಂತೆಯೂ ಇರಲಿಲ್ಲ. ಮೇಜಿನ ಪಕ್ಕ ನಿಲ್ಲುವ ದೊಡ್ಡ ಪವರ್ ಮ್ಯಾಕಿನಲ್ಲೇ 2004ರಲ್ಲಿ ಆ ಚಿಪ್ಪನ್ನು ತಣ್ಣಗಿಡಲು ಕೊಳವೆಯಲ್ಲಿ ದ್ರವ ಹರಿಸಬೇಕಾಗಿತ್ತು. ಅಂಥದ್ದನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ಹಾತೊರೆದವರ ಧೈರ್ಯಕ್ಕೆ ಕೈಮುಗಿಯಬೇಕು.

ಘೋಷಣೆಯ ಪ್ರಕಾರ ಮೊದಲ ಇಂಟೆಲ್ ಮ್ಯಾಕ್ ಬರಬೇಕಾದದ್ದು 2006ರ ಜೂನ್ ಹೊತ್ತಿಗೆ. ಬಂದದ್ದು ಜನವರಿ 10ಕ್ಕೆ. ಆದರೆ ಬಂದದ್ದು ಐಮ್ಯಾಕ್ ಮತ್ತು ದುಬಾರಿಯ ಮ್ಯಾಕ್‌ಬುಕ್ ಪ್ರೊ. ಸಾಮಾನ್ಯರ ಲ್ಯಾಪ್‌ಟಾಪ್ ಆಗಿದ್ದ ಐಬುಕ್ ಜಾಗಕ್ಕೆ ಬರಬೇಕಾದದ್ದರ ಸುದ್ದಿಯೇ ಇಲ್ಲ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದು ಕಾದವರು ಕಾದೇ ಕಾದರು. ಅವಳು ನೀರಿಗೆ ಬಂದದ್ದು ಮೇ 16ಕ್ಕೆ, ಅಂದರೆ ಘೋಷಣೆಯಾಗಿ 344 ದಿನಕ್ಕೆ. 13.3 ಅಂಗುಲದ ಬಿಳಿ ಮ್ಯಾಕ್‌ಬುಕ್. ಕಪ್ಪು ಬಣ್ಣವೂ ಇತ್ತು, ಅದಕ್ಕೆ ಹೆಚ್ಚು ದುಡ್ಡು. ಕಪ್ಪಿಗೇ ಹೆಚ್ಚು ಬೆಲೆ ಕೊಟ್ಟ ಅಪರೂಪದ ಸಂದರ್ಭ ಅದು.

ಕಾದದ್ದಕ್ಕೆ ಏನು ಸಿಕ್ಕಿತು? ಇಲ್ಲಿ ಲೆಕ್ಕ ಸ್ವಲ್ಪ ಖಾರವಾಗಿದೆ. 2005ರ ಜುಲೈಯಲ್ಲಿ ಕೊನೆಯ ಐಬುಕ್ ಜಿ4 ಬಂತು. ಅದನ್ನು ಕೊಂಡವರಿಗೆ 2009ರ ಆಗಸ್ಟಿನಲ್ಲಿ ಬಂದ ಮ್ಯಾಕ್ ಕಾರ್ಯಾಚರಣಾ ವ್ಯವಸ್ಥೆಯ ಹೊಸ ಆವೃತ್ತಿ ‘ಸ್ನೋ ಲೆಪರ್ಡ್’ ಬಾಗಿಲು ಹಾಕಿತು, ಯಾಕೆಂದರೆ ಅದು ಇಂಟೆಲ್‌ಗೆ ಮಾತ್ರ. ನಾಲ್ಕು ವರ್ಷ ಒಂದು ತಿಂಗಳು. ಬುದ್ಧಿವಂತಿಕೆಯಿಂದ ಕಾದು ಮೊದಲ ಮ್ಯಾಕ್‌ಬುಕ್ ಕೊಂಡವರಿಗೆ ಸಿಕ್ಕಿದ್ದು ಕೋರ್ ಡ್ಯುವೊ ಎಂಬ 32 ಬಿಟ್ಟಿನ ಚಿಪ್. 2006ರ ನವೆಂಬರಿನಲ್ಲೇ 64 ಬಿಟ್ಟಿನ ಕೋರ್ 2 ಡ್ಯುವೊ ಬಂತು. ನೋಡಲು ಒಂದೇ ಡಬ್ಬಿ, ಹೆಸರಿನಲ್ಲಿ ಒಂದು ‘2’ ಹೆಚ್ಚು. 2011ರ ಜುಲೈಯಲ್ಲಿ ಮುಂದಿನ ಆವೃತ್ತಿ ‘ಲಯನ್’ ಬಂದಾಗ ಆ ‘2’ ಇಲ್ಲದವರನ್ನು ಹೊಸ್ತಿಲಲ್ಲೇ ತಡೆಯಿತು. ಐದು ವರ್ಷ ಎರಡು ತಿಂಗಳು. ಹತ್ತು ತಿಂಗಳ ತಪಸ್ಸಿಗೆ ಹದಿಮೂರು ತಿಂಗಳ ವರ. ಖರ್ಚು ಕಳೆದು ಉಳಿದ ಲಾಭ ಮೂರು ತಿಂಗಳು. ಇನ್ನೊಂದು ಆರು ತಿಂಗಳು ಕಾದಿದ್ದರೆ ಅಂದಿರಾ? ಈ ಕಾಯಿಲೆ ಶುರುವಾಗುವುದೇ ಆ ವಾಕ್ಯದಿಂದ.

ಕಂಪನಿಗಳಿಗೂ ಈ ರೋಗದ ಭಯ ಇದೆ. ಮುಂದಿನ ಮಾಲು ಇದಕ್ಕಿಂತ ಚೆಂದ ಎಂದು ಮೊದಲೇ ಬಾಯಿಬಿಟ್ಟರೆ ಇವತ್ತಿನ ಮಾಲು ಕಪಾಟಿನಲ್ಲೇ ಉಳಿಯುತ್ತದೆ. ಇದಕ್ಕೆ ‘ಆಸ್ಬರ್ನ್ ಪರಿಣಾಮ’ ಎಂದೇ ಹೆಸರು. 1981ರಲ್ಲಿ ಆಡಮ್ ಆಸ್ಬರ್ನ್ ಹೊರತಂದ ಆಸ್ಬರ್ನ್ 1 ಸುಮಾರು 11 ಕಿಲೋ ತೂಗುತ್ತಿತ್ತು, ಪರದೆ 5 ಅಂಗುಲದ್ದು, ಆದರೂ ‘ಒಯ್ಯಬಹುದಾದ’ ಕಂಪ್ಯೂಟರ್. ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಮುಂದಿನ ಮಾದರಿಯ ಗುಟ್ಟು ಬಿಚ್ಚಿದರು. 1983ರ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿ. ಬರೀ ಬಾಯಿಂದ ಕೆಟ್ಟಿದ್ದಲ್ಲ, ಪೈಪೋಟಿಯ ಪಾಲೂ ಇತ್ತು ಎಂದು ವಾದಿಸುವವರಿದ್ದಾರೆ. ಅಂದಹಾಗೆ ಈ ಆಸ್ಬರ್ನ್ ಬಾಲ್ಯ ಕಳೆದದ್ದು ರಮಣ ಮಹರ್ಷಿಗಳ ತಿರುವಣ್ಣಾಮಲೈಯಲ್ಲಿ. ಮೌನ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ಕಾಯುವವರ ದಿನಚರಿ ಒಂದು ಅಧ್ಯಯನ ಯೋಗ್ಯ ವಿಷಯ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ, ಇನ್ನೂ ಅಳತೆಯೇ ಗೊತ್ತಿಲ್ಲದ ಲ್ಯಾಪ್‌ಟಾಪಿಗೆ ಚೀಲ ಬಂದಿರುತ್ತದೆ. ರಷ್ಯಾ ಮತ್ತು ನೆರೆಯ ಕೆಲವು ದೇಶಗಳ ಕೂಟವಾದ ಯುರೇಷಿಯನ್ ಆರ್ಥಿಕ ಆಯೋಗದ ಹೆಸರನ್ನೇ ಕೇಳಿರದವರು ಅಲ್ಲಿ ನೋಂದಣಿಯಾದ ಹೊಸ ಮಾದರಿ ಸಂಖ್ಯೆಗಳನ್ನು ಪಂಚಾಂಗದಂತೆ ಓದುತ್ತಾರೆ. ಗೂಢಲಿಪಿ ಸೌಲಭ್ಯವಿರುವ ಸಾಧನಗಳನ್ನು ಮಾರುವ ಮುಂಚೆ ಅಲ್ಲಿ ತಿಳಿಸಬೇಕೆಂಬ ನಿಯಮವಿರುವುದರಿಂದ ಸಂಖ್ಯೆ ಹೊರಬೀಳುವುದು ನಿಜ. ಆದರೆ ಸಂಖ್ಯೆಯಿಂದ ತಿಳಿಯುವುದು ಏನೋ ಬರಲಿದೆ ಎಂದಷ್ಟೇ; ಅದು ಗರ್ಭವೋ ಅಜೀರ್ಣವೋ ಎಂದಲ್ಲ.

ಅಷ್ಟು ಹೊತ್ತನ್ನು ಹಳೇ ಯಂತ್ರಕ್ಕೆ ಕೊಟ್ಟರೆ ಅದು ಒಂದು ವರ್ಷ ಹೆಚ್ಚು ಬಾಳುತ್ತದೆ. ಮೊದಲು ಆಫ್ ಮಾಡಿ, ಚಾರ್ಜರ್ ಕಿತ್ತು, ತಳ ಬಿಚ್ಚಿ. ಒಳಗೆ ಬ್ಯಾಟರಿಯ ಕನೆಕ್ಟರನ್ನು ಬಿಡಿಸಿದ ಮೇಲೇ ಮುಂದಿನ ಕೆಲಸ. ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಕಾಗದದ ಮೇಲೆ ಜೋಡಿಸಿಡಿ, ಅವೆಲ್ಲ ಒಂದೇ ಉದ್ದದವಲ್ಲ. ಉದ್ದದ್ದನ್ನು ಗಿಡ್ಡ ತೂತಿಗೆ ತಿರುಗಿಸಿದರೆ ಅದು ಮೇಲಿನ ಕೀಲಿಮಣೆಯನ್ನೇ ಚುಚ್ಚಬಹುದು. ಫ್ಯಾನಿಗೆ ಗಾಳಿ ಹೊಡೆಯುವಾಗ ರೆಕ್ಕೆಯನ್ನು ಹಲ್ಲುಕಡ್ಡಿಯಿಂದ ತಡೆಹಿಡಿಯಬೇಕು. ಬಿಟ್ಟರೆ ಅದು ಗಿರಗಿರನೆ ಅಳತೆ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ, ಮತ್ತು ಆ ಶಿಳ್ಳೆ ಕೇಳಲು ಬಲು ಮಜವಾಗಿರುವುದರಿಂದ ಎಲ್ಲರೂ ಬಿಟ್ಟೇ ಬಿಡುತ್ತಾರೆ. ಚಿಪ್ಪಿನ ಬಿಸಿಯನ್ನು ಹೊರಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಹೊಸದನ್ನು ಅಕ್ಕಿಕಾಳಿನಷ್ಟು ಹಚ್ಚಿದರೆ ಸಾಕು. ರೊಟ್ಟಿಗೆ ಬೆಣ್ಣೆ ಸವರುವ ಔದಾರ್ಯ ಇಲ್ಲಿ ಬೇಡ. ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ತೆಗೆದು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿ. ಹೊಸ ಪ್ರೊಸೆಸರ್ ಕೊಡಬಹುದು ಎಂದುಕೊಂಡಿದ್ದ ವೇಗದಲ್ಲಿ ಅರ್ಧ ಅಲ್ಲೇ ಸಿಗುತ್ತದೆ. ಒಂದು ಎಚ್ಚರಿಕೆ ಮಾತ್ರ ತಮಾಷೆಯದ್ದಲ್ಲ. ಟಚ್‌ಪ್ಯಾಡ್ ಬಿಗಿಯಾಗಿ ಕ್ಲಿಕ್ ಆಗದಿದ್ದರೆ, ಅಥವಾ ಯಂತ್ರ ಮೇಜಿನ ಮೇಲೆ ಸಮವಾಗಿ ಕೂರದೆ ಬುಗುರಿಯಂತೆ ತಿರುಗಿದರೆ, ಬ್ಯಾಟರಿ ಊದಿರುವ ಸಂಭವ ಹೆಚ್ಚು. ಚಾರ್ಜ್ ಮಾಡುವುದು ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ, ಬ್ಯಾಟರಿ ಬದಲಿಸುವವರ ಕೈಗೆ ಕೊಡಿ.

ಇಷ್ಟೆಲ್ಲ ಆಗಿ ಹೊಸತು ಬಂತು ಎನ್ನಿ. ಪೆಟ್ಟಿಗೆ ಬಿಚ್ಚಿದ ಮೊದಲ ಅರ್ಧ ಗಂಟೆ ಎಲ್ಲವೂ ಸ್ವರ್ಗ. ಆಮೇಲೆ ಹಳೇ ತಂತ್ರಾಂಶಗಳನ್ನು ತೆರೆಯಬೇಕು. ಅವು ಬರೆದಿರುವುದು ಹಳೇ ಚಿಪ್ಪಿನ ಭಾಷೆಯಲ್ಲಿ. ನಡುವೆ ಒಬ್ಬ ದುಭಾಷಿ ಬೇಕು. ಆಪಲ್‌ನ ಅನುವಾದಕ ತಂತ್ರಾಂಶ, 2006ರ ರೊಸೆಟ್ಟಾ, ಎದುರಿಗೆ ಕೂತು ಪ್ರತಿ ವಾಕ್ಯವನ್ನೂ ಕಿವಿಯಲ್ಲಿ ಉಸುರುವ ದುಭಾಷಿ: ಕಾರ್ಯಕ್ರಮ ಓಡುತ್ತಿರುವಾಗಲೇ ಅನುವಾದ, ಜೊತೆಗೆ ಮೆಮೊರಿ ಎಂದರೆ ವಿಪರೀತ ಹಸಿವು. ಅಂದಿನ ಮ್ಯಾಕ್‌ಬುಕ್ ಬರುತ್ತಿದ್ದದ್ದು 512 ಎಂಬಿ ಇಟ್ಟುಕೊಂಡು. ಫೋಟೊಶಾಪ್ ಇಂಟೆಲ್ ಭಾಷೆ ಕಲಿತದ್ದು 2007ರಲ್ಲಿ, ಅಲ್ಲಿಯವರೆಗೆ ಹೊಸ ಲ್ಯಾಪ್‌ಟಾಪಿನಲ್ಲಿ ಚಿತ್ರಕ್ಕೆ ಒಂದು ಫಿಲ್ಟರ್ ಹಾಕಿ ಕೈಕಾಲು ತೊಳೆದು ಬರಬಹುದಿತ್ತು. ಪುಣ್ಯಕ್ಕೆ ಆಗ ಮೆಮೊರಿ ಹಾಕುವುದು ಸುಲಭ. ತಳದಲ್ಲಿ ನಾಣ್ಯ ತಿರುಗಿಸಿದರೆ ಬ್ಯಾಟರಿ ಕಳಚಿ ಬರುತ್ತಿತ್ತು, ಒಳಗಿನ ಲೋಹದ ಪಟ್ಟಿಯ ಮೂರು ತಿರುಪು ಬಿಚ್ಚಿದರೆ ಎರಡು ಖಾನೆ. ಇವತ್ತಿನವುಗಳಲ್ಲಿ ಮೆಮೊರಿ ಚಿಪ್ಪಿನ ಮಗ್ಗುಲಲ್ಲೇ ಬೆಸೆದುಕೊಂಡು ಕೂತಿದೆ. 8 ಜಿಬಿ ಕೊಂಡರೆ ಸಾಯುವತನಕ 8 ಜಿಬಿ. ಕಾದ ಪುಣ್ಯವನ್ನೆಲ್ಲ ಖರ್ಚು ಮಾಡುವ ಒಂದು ಜಾಗ ಯಾವುದು ಎಂದರೆ ಇದು: ಸಂಗ್ರಹ ಜಾಗ ಕಡಿಮೆಯಾದರೆ ಹೊರಗಿನ ಡಿಸ್ಕ್ ಸಿಕ್ಕಿಸಬಹುದು, ಮೆಮೊರಿಗೆ ಆ ದಾರಿ ಇಲ್ಲ.

2020ರ ಜೂನ್ 22ಕ್ಕೆ ಆಪಲ್ ಮತ್ತೆ ತಳಿ ಬದಲಿಸುವುದಾಗಿ ಹೇಳಿತು, ಈ ಸಲ ಇಂಟೆಲ್ ಬಿಟ್ಟು ತನ್ನದೇ ಚಿಪ್. ಮಾರ್ಚಿನಲ್ಲಷ್ಟೇ ಇಂಟೆಲ್ ಮ್ಯಾಕ್‌ಬುಕ್ ಏರ್ ಕೊಂಡಿದ್ದವರು ನವೆಂಬರ್ 10ರಂದು ಆ ಹೊಸ ಚಿಪ್ ಎಂ1 ಇದ್ದ, ಫ್ಯಾನೇ ಇಲ್ಲದ ಏರ್ ನೋಡಿ ಮೌನವಾದರು. ಅವರ ಯಂತ್ರದ ಫ್ಯಾನ್ ಮಾತ್ರ ಮಾತಾಡುತ್ತಲೇ ಇತ್ತು. ಹೊಸ ದುಭಾಷಿ ರೊಸೆಟ್ಟಾ 2 ಬಹುಮಟ್ಟಿಗೆ ಇಡೀ ಪುಸ್ತಕವನ್ನು ಮೊದಲೇ ಅನುವಾದಿಸಿಟ್ಟುಕೊಳ್ಳುವ ಪೈಕಿ. ಹಾಗಾಗಿ ಹಳೇ ಕಾರ್ಯಕ್ರಮವನ್ನು ಮೊದಲ ಸಲ ತೆರೆದಾಗ ಐಕಾನ್ ಕುಣಿಯುತ್ತಲೇ ಇರುತ್ತದೆ. ಹೊಸತು ಕೆಟ್ಟೇಹೋಯಿತು ಎಂದು ಬಲವಂತವಾಗಿ ಮುಚ್ಚುವವರು ಆ ಹೊತ್ತಿನಲ್ಲಿ ಹೆಚ್ಚು. ಸುಮ್ಮನಿರಿ, ಎರಡನೇ ಸಲಕ್ಕೆ ಥಟ್ಟನೆ ತೆರೆಯುತ್ತದೆ.

ನಿಜವಾದ ಎಡವಟ್ಟು ಪ್ಲಗಿನ್‌ಗಳದ್ದು, ಅಂದರೆ ಕಾರ್ಯಕ್ರಮಕ್ಕೆ ಹೊರಗಿನಿಂದ ಸಿಕ್ಕಿಸುವ ಪುಟ್ಟ ಸೇರ್ಪಡೆಗಳದ್ದು. ಮುಖ್ಯ ಕಾರ್ಯಕ್ರಮ ಹೊಸ ಭಾಷೆಯದ್ದು, ನಿಮ್ಮ ನೆಚ್ಚಿನ ಪ್ಲಗಿನ್ ಹಳೆಯದ್ದು. ಒಂದೇ ಪ್ರಕ್ರಿಯೆಯೊಳಗೆ ಎರಡು ತಳಿಯ ಕೋಡ್ ಓಡುವಂತಿಲ್ಲ, ಆದ್ದರಿಂದ ಪ್ಲಗಿನ್ ಸದ್ದಿಲ್ಲದೆ ಪಟ್ಟಿಯಿಂದ ಮಾಯ. ಕಾರ್ಯಕ್ರಮದ ಐಕಾನ್ ಆಯ್ದು, ಮಾಹಿತಿ ಕಿಟಕಿಯಲ್ಲಿ ‘ರೊಸೆಟ್ಟಾ ಮೂಲಕ ತೆರೆ’ ಎಂಬ ಚೌಕಕ್ಕೆ ಗುರುತು ಹಾಕಿದರೆ ಅದು ಮರಳಿ ಬರುತ್ತದೆ. ಆದರೆ ಪ್ಲಗಿನ್ ಒಂದರ ಸಲುವಾಗಿ ಇಡೀ ಕಾರ್ಯಕ್ರಮವೇ ಹಳೇ ಭಾಷೆಯಲ್ಲಿ ಮಾತಾಡಬೇಕು, ನೆಂಟರೊಬ್ಬರಿಗಾಗಿ ಮನೆಮಂದಿಯೆಲ್ಲ ಪಥ್ಯ ಮಾಡಿದಂತೆ. ಯಾವುದು ಯಾವ ಭಾಷೆಯಲ್ಲಿ ಓಡುತ್ತಿದೆ ಎಂದು ನೋಡಲು ಮ್ಯಾಕಿನಲ್ಲೇ ಬರುವ ಆಕ್ಟಿವಿಟಿ ಮಾನಿಟರ್ ಎಂಬ ಕಾರ್ಯಕ್ರಮದಲ್ಲಿ ‘ಕೈಂಡ್’ ಎಂಬ ಕಂಬಸಾಲು ಇದೆ. ಹಳೇ ಮ್ಯಾಕಿನಿಂದ ಎಲ್ಲವನ್ನೂ ಗುಡಿಸಿ ತಂದವರು ಇದನ್ನು ನೋಡಲೇಬೇಕು. ಹೊಸ ಚಿಪ್ಪಿನ ಆವೃತ್ತಿ ಬಿಟ್ಟಿಯಾಗಿ ಸಿಗುತ್ತಿದ್ದರೂ ಇಂಟೆಲ್‌ನದ್ದನ್ನೇ ವರ್ಷಗಟ್ಟಲೆ ಓಡಿಸುತ್ತ ‘ಎಲ್ಲ ಹೇಳಿದಷ್ಟು ವೇಗ ಇಲ್ಲಪ್ಪ’ ಎಂದು ಗೊಣಗುವವರು ಇರುತ್ತಾರೆ.

ವಿಂಡೋಸ್ ಕಡೆಯವರು ನಗುವ ಹಾಗಿಲ್ಲ. 2012ರಲ್ಲಿ ಮೈಕ್ರೋಸಾಫ್ಟ್ ಬೇರೆ ತಳಿಯ ಚಿಪ್ ಹಾಕಿ ತಂದ ಸರ್ಫೇಸ್ ಆರ್‌ಟಿಯಲ್ಲಿ ಡೆಸ್ಕ್‌ಟಾಪ್ ಕಾಣುತ್ತಿತ್ತು, ಹಳೆಯ ಒಂದು ಕಾರ್ಯಕ್ರಮವೂ ಅದರಲ್ಲಿ ಇನ್‌ಸ್ಟಾಲ್ ಆಗುತ್ತಿರಲಿಲ್ಲ. ಚಿತ್ರದ ಹೋಳಿಗೆ. ಮೈಕ್ರೋಸಾಫ್ಟ್ ಮರುವರ್ಷ ಅದರ ದಾಸ್ತಾನಿನ ಮೇಲೆ 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. 2024ರ ಜೂನಿನಲ್ಲಿ ಸ್ನಾಪ್‌ಡ್ರ್ಯಾಗನ್ ಎಕ್ಸ್ ಎಂಬ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪುಗಳು ಬಂದಾಗ ‘ಪ್ರಿಸಂ’ ಎಂಬ ದುಭಾಷಿ ಜೊತೆಗಿತ್ತು, ಸಾಮಾನ್ಯ ಕಾರ್ಯಕ್ರಮಗಳನ್ನು ಚೆನ್ನಾಗಿಯೇ ನಡೆಸುತ್ತದೆ. ಆದರೆ ಯಾವ ದುಭಾಷಿಗೂ ಗರ್ಭಗುಡಿಗೆ ಪ್ರವೇಶವಿಲ್ಲ. ವ್ಯವಸ್ಥೆಯ ತಿರುಳಿನಲ್ಲಿ, ಅಂದರೆ ಕರ್ನಲ್‌ನಲ್ಲಿ ಓಡುವ ಡ್ರೈವರ್‌ಗಳು (ಹೊರಗಿನ ಸಾಧನಗಳನ್ನು ನಡೆಸುವ ತಂತ್ರಾಂಶಗಳು) ಹೊಸ ತಳಿಗೇ ಬರೆದಿರಬೇಕು. ಹಳೇ ಸ್ಕ್ಯಾನರ್, ಕಚೇರಿಯ ಜಾಲಕ್ಕೆ ಹೊರಗಿನಿಂದ ಸೇರಿಸುವ ವಿಪಿಎನ್, ಆಟದಲ್ಲಿ ಮೋಸ ಹಿಡಿಯುವ ತಂತ್ರಾಂಶ ಇವೆಲ್ಲ ಎಡವುವುದು ಇಲ್ಲೇ.

ಆದ್ದರಿಂದ ಪೂರ್ವತಯಾರಿ ಎಂದರೆ ಬೆಂಚ್‌ಮಾರ್ಕ್ ಎಂಬ ವೇಗಪರೀಕ್ಷೆಯ ಅಂಕ ಓದುವುದಲ್ಲ. ಒಂದು ವಾರ ನಿಮ್ಮ ಲ್ಯಾಪ್‌ಟಾಪಿಗೆ ಚುಚ್ಚುವ ಪ್ರತಿ ತಂತಿಯ ಇನ್ನೊಂದು ತುದಿಯಲ್ಲಿ ಏನಿದೆ ಎಂದು ಬರೆದುಕೊಳ್ಳಿ. ಆ ಒಂದೊಂದರ ತಯಾರಕರ ತಾಣಕ್ಕೂ ಹೋಗಿ ಡ್ರೈವರ್ ಪುಟದಲ್ಲಿ ಹೊಸ ಚಿಪ್ಪಿನ ಹೆಸರು ಇದೆಯೇ ನೋಡಿ. ‘ಶೀಘ್ರದಲ್ಲೇ’ ಎಂದಿದ್ದರೆ ಇಲ್ಲ ಎಂದು ಓದಿಕೊಳ್ಳಿ. ಎರಡು ಮಾನಿಟರ್ ಇಟ್ಟುಕೊಂಡವರು ಎಷ್ಟು ಹೊರಪರದೆ ನಡೆಯುತ್ತದೆ ಎಂದೂ ನೋಡಬೇಕು. ಎಂ1 ಏರ್ ಒಂದೇ ಒಂದನ್ನು ಒಪ್ಪುತ್ತಿತ್ತು, ಎರಡನೆಯದು ಮೇಜಿನ ಮೇಲೆ ಕಪ್ಪು ಕನ್ನಡಿಯಾಗಿ ನಿಲ್ಲುತ್ತಿತ್ತು. ನಾಳೆ ಬೆಳಿಗ್ಗೆ ಕೆಲಸ ನಿಲ್ಲಬಾರದು ಎನ್ನುವವರು ಹೊಸ ತಳಿಯ ಎರಡನೇ ಪೀಳಿಗೆಯದನ್ನೇ ಕೊಳ್ಳಲಿ. ಹಳೇ ತಳಿಯ ಕೊನೆಯ ಕುಡಿ ಕೊಳ್ಳುವವರು ಗಡುವು ನೋಡಿಕೊಳ್ಳಲಿ: 2020ರ ಇಂಟೆಲ್ ಏರ್‌ಗೆ 2025ರ ಮ್ಯಾಕ್ ವ್ಯವಸ್ಥೆ ‘ಟಾಹೊ’ ಸಿಗಲಿಲ್ಲ, ಎಂಟು ತಿಂಗಳು ತಡವಾಗಿ ಬಂದ ಎಂ1ಗೆ ಸಿಕ್ಕಿತು.

ಇನ್ನು ಇವತ್ತೋ ನಾಳೆಯೋ ಎನ್ನುತ್ತಿದ್ದ ಆ ಹಳೇ ಲ್ಯಾಪ್‌ಟಾಪು? ಅದು ಸಾಯುವುದಿಲ್ಲ. ಹಳೇ ಸ್ಕ್ಯಾನರಿನ ಡ್ರೈವರ್ ಇರುವುದು ಅದರಲ್ಲಿ ಮಾತ್ರ. ಹೊಸದು ಬಂದ ವಾರಕ್ಕೇ ಅದು ಸ್ಕ್ಯಾನರಿನ ಪಕ್ಕ ಖಾಯಂ ಆಗುತ್ತದೆ. ಬೀಳುವ ಪರದೆಗೆ ಎರಡು ದಪ್ಪ ಪುಸ್ತಕದ ಆಸರೆ, ಊದಿದ ಬ್ಯಾಟರಿ ತೆಗೆಸಿ ಗೋಡೆಯ ಕರೆಂಟಿಗೇ ಬಿಗಿದ ತಂತಿ. ಸ್ಕ್ಯಾನ್ ಮುಗಿದ ಮೇಲೆ ಕಡತವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೊಸದರ ಹತ್ತಿರ ಹೋದರೆ, ಅದರಲ್ಲಿ ಪೆನ್‌ಡ್ರೈವಿನ ತೂತೇ ಇರುವುದಿಲ್ಲ.